ಶ್ರೀನಿವಾಸನನ್ನು ಕಳಿಸಿದ ದಿನ

ಪೊರಿರುವಾ
೫ ನವೆಂಬರ್ ೨೦೦೬

ಅಪ್ಪಾ,

ಫೋನಿನಲ್ಲಿ ನಿಮ್ಮ ಜೊತೆ ಮಾತಾಡಲು ಜೈಲಿನವರು ನನ್ನ ನಂಬರನ್ನು ಇನ್ನೂ ಒಪ್ಪಿಲ್ಲ. ‘ಕಾಗದ ಬರೆಯಿರಿ’ ಎಂದಳು ಅಲ್ಲಿಯ ಹೆಂಗಸು, ಕರೆಂಟ್ ಬಿಲ್ಲಿನ ವಿಚಾರ ಹೇಳುವವರ ದನಿಯಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಬೇಗ ತಲುಪುತ್ತದಂತೆ. ಬೇರೆ ಭಾಷೆಯದಾದರೆ ಯಾರಿಂದಲೋ ಓದಿಸಿ, ಆಮೇಲೆ ಕೊಡುತ್ತಾರಂತೆ. ಓದಿಸಲಿ. ಇಂಗ್ಲಿಷಿನಲ್ಲಿ ನನಗೆ ಆಫೀಸಿನ ಸಿಟ್ಟು ಮಾತ್ರ ಬರುತ್ತದೆ. ಮನೆಯ ಸಿಟ್ಟು ಬರುವುದು ಕನ್ನಡದಲ್ಲೇ.

ಅವ್ವ ಎಲ್ಲ ಹೇಳಿದಳು. ದೀಪಾವಳಿ ಮುಗಿಸಿಕೊಂಡು ಮಂಗಳವಾರ ನಾನು ಆಕ್ಲೆಂಡಿನಲ್ಲಿ ವಿಮಾನ ಹತ್ತಿದೆ, ಬುಧವಾರ ಬೆಳಗಾಗುವಷ್ಟರಲ್ಲಿ ಕಸ್ಟಮ್ಸ್‌ನವರು ಪಾಪಟೋಟೊಯಿಯ ನಮ್ಮ ಮನೆಯ ಬಾಗಿಲು ಬಡಿದಿದ್ದಾರೆ. ಅವ್ವನನ್ನು ನೈಟಿಯಲ್ಲೇ ಹೊರಗೆ ಅಂಗಳದಲ್ಲಿ ನಿಲ್ಲಿಸಿದರಂತೆ. ಎದುರು ಮನೆಯವರು ಪರದೆ ಸರಿಸಿ ನೋಡುತ್ತಿದ್ದರಂತೆ. ದೇವರ ಕೋಣೆಗೆ ನಾಯಿ ನುಗ್ಗಿಸಿದ್ದಾರೆ. ಅಕ್ಕಿ ಡಬ್ಬಿಗಳನ್ನು ನೆಲಕ್ಕೆ ಸುರಿದಿದ್ದಾರೆ. ಅಜ್ಜಿ ಕೊಟ್ಟ ವಿಭೂತಿಗಟ್ಟಿಯನ್ನು ‘ಇದೇನು ಪುಡಿ?’ ಎಂದು ಕೇಳಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪರೀಕ್ಷೆಗೆ ಒಯ್ದಿದ್ದಾರೆ. ‘ಅದು ಹಣೀಗೆ ಹಚ್ಚೋದ್ರೀ, ಹಣೀಗೆ’ ಅಂತ ಅವ್ವ ತನ್ನ ಹಣೆ ಮುಟ್ಟಿ ಮುಟ್ಟಿ ತೋರಿಸಿದಳಂತೆ. ಇದನ್ನು ಹೇಳುವಾಗ ಅವಳು ನಕ್ಕಳು. ನನಗೆ ಆ ನಗು ಸಹಿಸಲಾಗಲಿಲ್ಲ.

ಟೀವಿಯಲ್ಲಿ ನಮ್ಮ ಅಂಗಡಿಯ ಬೋರ್ಡು ತೋರಿಸಿದರು. ಅವಲಕ್ಕಿಯ ಪೆಟ್ಟಿಗೆಗಳಲ್ಲಿ ಶೀತದ ಮಾತ್ರೆಯ ಮದ್ದನ್ನು ಕಳ್ಳತನದಿಂದ ತರಿಸುತ್ತಿದ್ದರು, ಅದರಿಂದಲೇ ಇಲ್ಲಿ ‘ಪಿ’ ಎಂಬ ಆ ದರಿದ್ರ ಮಾದಕವಸ್ತು ಬೇಯಿಸುತ್ತಾರೆ ಎಂದೆಲ್ಲ ಹೇಳಿದರು. ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನಾನು ಎದ್ದು ನಿಂತು ಹೇಳಿದೆ: ಅದು ನನ್ನ ತಂದೆಯ ಅಂಗಡಿ, ನನ್ನ ತಂದೆ ಇಂಥದ್ದು ಮಾಡುವವರಲ್ಲ, ಕಂದು ಬಣ್ಣದವರ ಅಂಗಡಿಗೆ ನಾಯಿ ಬಿಡುವುದು ಇವರಿಗೆ ಸುಲಭ, ಅಷ್ಟೇ.

ಪೆಟ್ಟಿಗೆಗಳನ್ನು ತರಲು ಹೋಗಿದ್ದ ನಮ್ಮ ಗೋದಾಮಿನ ಶ್ರೀನಿವಾಸ್ ಕೂಡ ಸಿಕ್ಕಿಬಿದ್ದಿದ್ದಾರಲ್ಲ, ಅವರಿಗೇನಾದರೂ ಗೊತ್ತಿತ್ತೇ? ನಿಮ್ಮ ಬೆನ್ನ ಹಿಂದೆ ಯಾರಾದರೂ ಅವರನ್ನು ಬಳಸಿಕೊಂಡರೇ? ಬರೆಯಿರಿ. ನಾನು ನಿಮ್ಮ ಜೊತೆಗಿದ್ದೇನೆ.

ನಿಮ್ಮ ಮಗಳು
ವಚನಾ


ರಿಮಾಂಡ್ ಜೈಲು, ಆಕ್ಲೆಂಡ್
೨೦ ನವೆಂಬರ್ ೨೦೦೬

ನನ್ನ ತಾಯಿ ವಚನಾ,

ನಿನ್ನ ಕಾಗದ ಕೈಗೆ ಬಂದಾಗ ಅದರ ಅಂಚು ಆಗಲೇ ಮಾಸಿತ್ತು. ಎಷ್ಟು ಕೈ ದಾಟಿ ಬಂತೋ. ಇದನ್ನು ಓದುವ ಅನುವಾದಕ ಮಹಾಶಯರಿಗೂ ನನ್ನ ಶರಣು.

ಇಲ್ಲಿ ಒಂದು ಪುಟ್ಟ ಲೈಬ್ರರಿ ಇದೆ. ಚರಿತ್ರೆಯ ಪುಸ್ತಕ ಓದುತ್ತಿದ್ದೇನೆ. ನನ್ನನ್ನು ಹಿಡಿದವರ ಮುತ್ತಜ್ಜಂದಿರು ಏನು ಮಾಡುತ್ತಿದ್ದರು ಗೊತ್ತೇ? ಗಂಗೆಯ ಬಯಲಲ್ಲಿ ನಮ್ಮ ರೈತರಿಂದ ಗಸಗಸೆ ಬೆಳೆಸಿ, ಅಫೀಮು ಮಾಡಿಸಿ, ಕಲ್ಕತ್ತಾದಲ್ಲಿ ಸರ್ಕಾರವೇ ನಿಂತು ಹರಾಜು ಹಾಕಿ, ಹಡಗು ತುಂಬಿಸಿ ಚೀನಾಕ್ಕೆ ಕಳಿಸಿದರು. ಚೀನಾದ ಅರಸ ಬೇಡ ಎಂದಾಗ ಯುದ್ಧ ಮಾಡಿದರು. ಆಮೇಲೆ ಇದೇ ದೇಶದಲ್ಲಿ, ನೂರು ವರ್ಷದ ಹಿಂದೆ, ಅಫೀಮಿನ ಕಾನೂನು ಮಾಡಿದರು. ಚಿನ್ನದ ಗಣಿಯಲ್ಲಿ ಸವೆದುಹೋದ ಚೀನೀ ಮುದುಕರ ಗುಡಿಸಲಿಗೆ ವಾರಂಟಿಲ್ಲದೆ ನುಗ್ಗಿದರು. ಮಾರಿದವರೂ ಅವರೇ, ಹಿಡಿದವರೂ ಅವರೇ. ಈಗ ನನ್ನ ಸರದಿ. ಹುಬ್ಬಳ್ಳಿಯಲ್ಲಿ ಎಂಜಿನಿಯರ್ ಆಗಿದ್ದವನಿಗೆ ಈ ದೇಶ ಒಂದು ಕುರ್ಚಿ ಕೊಡಲಿಲ್ಲ. ಮೆಣಸಿನಪುಡಿ ಮಾರಿ ಮೇಲೆ ಬಂದೆ. ಅದು ಇವರ ಕಣ್ಣಿಗೆ ಚುಚ್ಚಿತು.

ಶ್ರೀನಿವಾಸನ ವಿಚಾರ ಕೇಳಿದ್ದೀಯ. ಮೈಸೂರಿನಿಂದ ಬಂದು ಕೆಲಸ ಸಿಗದೆ ಅಲೆಯುತ್ತಿದ್ದವನನ್ನು ಗೋದಾಮಿಗೆ ಸೇರಿಸಿಕೊಂಡು ವೀಸಾ ಮಾಡಿಸಿಕೊಟ್ಟೆ. ಮನುಷ್ಯನ ಒಳಗೆ ಏನಿರುತ್ತದೋ ಯಾರು ಬಲ್ಲರು. ಆ ಪೆಟ್ಟಿಗೆಗಳಿಗೆ ಸಹಿ ಹಾಕಿದ್ದು ಅವನು. ವ್ಯಾನಿಗೆ ಏರಿಸಿದ್ದು ಅವನು. ಹಿಡಿದದ್ದೂ ಅವನನ್ನೇ. ಅಷ್ಟಾದರೂ ಅವನಿಗೆ ಜಾಮೀನು, ನನಗಿಲ್ಲ.

ಆ ಮಂಗಳವಾರ ನೀನು ಅಂಗಡಿಯಲ್ಲೇ ಇದ್ದೆ. ನನ್ನ ವಕೀಲರು ನಿನ್ನನ್ನು ಸಾಕ್ಷಿಯಾಗಿ ಕರೆಯುತ್ತಾರೆ. ಶ್ರೀನಿವಾಸ್ ತಾನಾಗಿಯೇ ‘ನಾನು ಹೋಗಿ ತರ್ತೀನಿ ಸರ್’ ಎಂದು ಹೊರಟದ್ದನ್ನು ನೀನು ನೋಡಿದ್ದೀಯ. ಉಳಿದಂತೆ, ಹಬ್ಬದ ಗದ್ದಲದಲ್ಲಿ ಯಾರ ಫೋನು ಬಂತು, ಯಾರು ಏನೆಂದರು ಎಂಬುದೆಲ್ಲ ಯಾರಿಗೆ ನೆನಪಿರುತ್ತದೆ?

ನಿನ್ನ ಅವ್ವನಿಗೆ ಧೈರ್ಯ ಹೇಳು.

ನಿನ್ನ ತಂದೆ
ಮುರುಗೇಶ


ಪೊರಿರುವಾ
೧೭ ಡಿಸೆಂಬರ್ ೨೦೦೬

ಅಪ್ಪಾ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಮೊದಲ ಸಲ ಓದಿದಾಗ ಬ್ರಿಟಿಷರ ಮೇಲೆ ರಕ್ತ ಕುದಿಯಿತು. ಆಮೇಲೆ ಓದಿದಾಗ ಕಣ್ಣು ಫೋನಿನ ಆ ಸಾಲಿಗೇ ಮತ್ತೆ ಮತ್ತೆ ಹೋಯಿತು. ಫೋನಿನ ಮಾತನ್ನು ನಾನು ಎತ್ತಿರಲೇ ಇಲ್ಲ. ನೀವೇ ಯಾಕೆ ಎತ್ತಿದಿರಿ?

ಹೋದ ವಾರ ಪಾಪಟೋಟೊಯಿಗೆ ಹೋಗಿದ್ದೆ. ಅವ್ವನಿಗೆ ಹೇಳದೆ ಶ್ರೀನಿವಾಸರ ಮನೆಗೆ ಹೋದೆ. ಅವರು ಪೊಲೀಸ್ ಸ್ಟೇಷನ್ನಿಗೆ ಹಾಜರಿ ಹಾಕಲು ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ ಗಾನವಿ ಒಬ್ಬರೇ ಇದ್ದರು, ತುಂಬಿದ ಬಸುರಿ. ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು.

‘ಅವತ್ತು ನನಗೆ ಸ್ಕ್ಯಾನ್ ಇತ್ತು ವಚನಾ. ಇವರು ಸರ್ ಹತ್ರ ರಜಾ ಕೇಳಕ್ಕೇ ಬಂದಿದ್ದು. ಸರ್, “ಹಾದಿ ಒಳಗss ಐತಿ, ಹಂಗss ಪೆಟ್ಟಿಗಿ ಎತ್ತಿಕೊಂಡು ಬಾ” ಅಂದ್ರು. ಆ ಪೆಟ್ಟಿಗೆಗಳನ್ನ ಸರ್ ಯಾವತ್ತೂ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ, ತಾವೇ ಹೋಗಿ ತರ್ತಿದ್ರು. ಅವತ್ತು ಒಂದಿನ ಮಾತ್ರ ಇವರನ್ನ ಕಳಿಸಿದ್ರು. ನಾನೂ ವ್ಯಾನಲ್ಲೇ ಇದ್ದೆ. ರಸ್ತೆ ಮಧ್ಯ ನಾಲ್ಕು ಕಾರು ಅಡ್ಡ ಬಂತು. ಇವರನ್ನ ನೆಲಕ್ಕೆ ಮುಖ ಒತ್ತಿ ಕೈಗೆ ಬೇಡಿ ಹಾಕಿದ್ರು. ಇವರು ಕೂಗ್ತಾ ಇದ್ದಿದ್ದು ಒಂದೇ ಮಾತು, ನನ್ನ ಹೆಂಡತಿ ಬಸುರಿ, ಅವಳನ್ನ ತಳ್ಳಬೇಡಿ ಅಂತ.’

ಅಪ್ಪಾ, ಆ ಫೋನು ಎತ್ತಿಕೊಂಡವಳು ನಾನು. ಸರಕು ಬಿಡಿಸಿಕೊಡುವ ಏಜೆಂಟನ ಆಫೀಸಿನ ಹುಡುಗಿ ಹೇಳಿದ್ದನ್ನು ನಿಮಗೆ ಹಾಗೆಯೇ ದಾಟಿಸಿದವಳು ನಾನು: ‘ಅಪ್ಪಾ, ಅವಲಕ್ಕಿ ಪೆಟ್ಟಿಗಿ ಕಸ್ಟಮ್ಸ್‌ನವರು ಎರಡು ದಿನ ಹಿಡಿದಿಟ್ಟಿದ್ರಂತ, ಈಗ ಬಿಟ್ಟಾರಂತ, ಬಂದು ಒಯ್ಯಿರಿ ಅಂತ.’ ನೀವು ಪೆಟ್ಟಿಗೆ ತರಲೆಂದೇ ಕಾರಿನ ಕೀಲಿಕೈ ಕೈಯಲ್ಲಿ ಹಿಡಿದು ಹೊರಟು ನಿಂತಿದ್ದಿರಿ. ನನ್ನ ಮಾತು ಕೇಳಿ ಕೀಲಿಕೈಯನ್ನು ಕೌಂಟರಿನ ಮೇಲೆ ಇಟ್ಟಿರಿ. ಆಗ ಶ್ರೀನಿವಾಸ್ ರಜೆ ಕೇಳಲು ಒಳಗೆ ಬಂದರು.

ನನಗೆ ಒಂದೇ ಪ್ರಶ್ನೆ. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿ ನೋಡಿದ್ದಾರೆ, ಒಯ್ಯಲು ಬಂದವನನ್ನು ಹಿಡಿಯುತ್ತಾರೆ ಎಂಬುದು ನಿಮಗೆ ಆ ಗಳಿಗೆಯಲ್ಲೇ ಹೊಳೆದಿತ್ತೋ ಇಲ್ಲವೋ? ಹೌದು, ಇಲ್ಲ, ಎರಡರಲ್ಲೊಂದು ಬರೆಯಿರಿ. ಚರಿತ್ರೆ ಬೇಡ. ನೀವು ಬರೆದ ಚರಿತ್ರೆ ನಿಜ. ನಿಜವಾದ್ದರಿಂದಲೇ ನನಗೆ ಇನ್ನೂ ಸಿಟ್ಟು. ಅದನ್ನೂ ನೀವು ಆ ಅವಲಕ್ಕಿಯಂತೆ ಬಳಸುತ್ತಿದ್ದೀರಿ, ಮೇಲೆ ಹರಡುವುದಕ್ಕೆ.

ವಚನಾ


ರಿಮಾಂಡ್ ಜೈಲು, ಆಕ್ಲೆಂಡ್
೮ ಜನವರಿ ೨೦೦೭

ವಚನಾ,

ಮಗಳೇ ಪೊಲೀಸಿನವಳಾಗಿ ಪ್ರಶ್ನೆ ಕೇಳುವ ಕಾಲ ಬಂತು ಎಂದುಕೊಂಡೆ.

ಇಲ್ಲಿ ಬೇಸಿಗೆ. ಕೋಣೆಯಲ್ಲಿ ಗಾಳಿಯಿಲ್ಲ. ಜೊತೆಯಲ್ಲಿರುವವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಈ ಮಾತನ್ನು ನಿನ್ನ ಅವ್ವನಿಗೆ ತಿಳಿಸಬೇಡ. ಶನಿವಾರ ಶನಿವಾರ ಬಂದು ಎದುರು ಕೂರುತ್ತಾಳೆ. ‘ಊಟ ಆತೇನ್ರೀ’ ಎಂದು ಕೇಳುತ್ತಾಳೆ, ಅಷ್ಟೇ. ಅವಳು ನಿನ್ನ ಹಾಗೆ ಲೆಕ್ಕ ಕೇಳುವುದಿಲ್ಲ.

ಹನ್ನೆರಡು ವರ್ಷದ ನಿನ್ನನ್ನು ಕರೆದುಕೊಂಡು ಈ ದೇಶಕ್ಕೆ ಬಂದೆ. ಶಾಲೆಯಲ್ಲಿ ನಿನ್ನ ಡಬ್ಬಿಯ ವಾಸನೆಗೆ ಮೂಗು ಮುಚ್ಚಿದರು ಎಂದು ಅಳುತ್ತಾ ಬಂದಾಗ, ಹೆಡ್‌ಮಾಸ್ತರರ ಕೋಣೆಗೆ ಹೋಗಿ ಆ ಡಬ್ಬಿಯನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟು ‘ತಿಂದು ನೋಡ್ರಿ’ ಎಂದವನು ನಾನು. ನಿನ್ನ ಓದು, ನಿನ್ನ ಪೊರಿರುವಾದ ಮನೆ, ನೀನು ಓಡಿಸುವ ಕಾರು, ಇವೆಲ್ಲ ಬರೀ ಮೆಣಸಿನಪುಡಿಯಿಂದ ಬಂದವು ಎಂದುಕೊಂಡೆಯಾ? ಬಂದವು ಎಂದೇ ನಾನು ಹೇಳುತ್ತೇನೆ. ಇದನ್ನು ಓದುವವರು ಹಾಗೆಯೇ ಬರೆದುಕೊಳ್ಳಲಿ.

ಶ್ರೀನಿವಾಸ ಇನ್ನೂ ಚಿಕ್ಕವನು. ಶಿಕ್ಷೆಯಾದರೂ ಬೇಗ ಹೊರಬರುತ್ತಾನೆ. ಮೈಸೂರಿನಲ್ಲಿ ಅವನಿಗೆ ತಂದೆ ತಾಯಿ ಇದ್ದಾರೆ, ಹಿಂದಿರುಗಬಹುದು. ನನಗೆ ಐವತ್ತೈದು. ನಿನ್ನ ಅವ್ವನಿಗೆ ಇಲ್ಲಿ ನನ್ನ ಹೊರತು ಯಾರಿದ್ದಾರೆ? ಜಾಣೆ ನೀನು. ಯೋಚನೆ ಮಾಡು.

ಮುರುಗೇಶ


ಪೊರಿರುವಾ
೨೫ ಮಾರ್ಚ್ ೨೦೦೭

ಅಪ್ಪಾ,

ಹೌದು ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ಶ್ರೀನಿವಾಸ್ ಚಿಕ್ಕವನು ಎಂದಿರಿ. ಉತ್ತರ ಅದೇ ಎಂದು ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು.

ನನ್ನ ಪಕ್ಕದ ಮನೆಯಲ್ಲಿ ಮೇರೆ ಎಂಬ ಮಾವೊರಿ ಅಜ್ಜಿ ಇದ್ದಾಳೆ, ಈ ನೆಲದ ಮೂಲದವಳು. ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಾಳೆ. ಅವಳ ಮಗಳಿಗೆ ನನ್ನದೇ ವಯಸ್ಸು, ಪಿ ಸೇದುತ್ತಾಳೆ. ಮಕ್ಕಳ ಮಂಚ ಮಾರಿ ಸೇದಿದ್ದಾಳೆ. ಮೊನ್ನೆ ಬಂದು ಗೇಟಿನ ಹೊರಗೆ ನಿಂತು ಕೂಗುತ್ತಿದ್ದಳು. ಮುಖದ ತುಂಬ ತಾನೇ ಕೆರೆದುಕೊಂಡ ಹುಣ್ಣು, ಬಾಯಲ್ಲಿ ಅರ್ಧ ಹಲ್ಲಿಲ್ಲ. ಆಕೆಯ ಸಣ್ಣ ಹುಡುಗಿ ನಮ್ಮ ಮನೆಗೆ ಓಡಿಬಂದು ನನ್ನ ಮೇಜಿನ ಕೆಳಗೆ ಕೂತಿತು. ಬ್ರೆಡ್ ಕೊಟ್ಟೆ. ಅರ್ಧ ತಿಂದು ಅರ್ಧವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿತು. ಆಮೇಲೆ ಮೇರೆ ಬಂದು ಅದನ್ನು ಎತ್ತಿಕೊಂಡು, ಉಪಕಾರ ಹೇಳಿ, ಸುಮ್ಮನೆ ಮಾತಿಗೆ ಕೇಳಿದಳು: ‘ನಿನ್ನ ಅಪ್ಪ ಏನು ಮಾಡುತ್ತಾರೆ?’

‘ಅಂಗಡಿ’ ಎಂದೆ. ‘ಒಳ್ಳೆಯ ಕೆಲಸ’ ಎಂದಳು.

ಈ ಹುಡುಗಿಯ ಮುತ್ತಜ್ಜ ಯಾವ ಚೀನಾಕ್ಕೆ ಅಫೀಮು ಮಾರಿದ್ದನಪ್ಪಾ? ಇವಳ ನೆಲವನ್ನೂ ನೀವು ಬರೆದ ಆ ಸರ್ಕಾರದವರೇ ಕಿತ್ತುಕೊಂಡರು. ಅವರು ಬಿಟ್ಟದ್ದನ್ನು ನೀವು ಕಿತ್ತುಕೊಂಡಿರಿ. ಅವ್ವನನ್ನು ನೈಟಿಯಲ್ಲಿ ನಿಲ್ಲಿಸಿದ ಕಸ್ಟಮ್ಸ್‌ನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸಾಯುವವರೆಗೂ ಇರುತ್ತದೆ. ಆ ಸಿಟ್ಟಿನ ಮರೆಯಲ್ಲಿ ನಿಮಗೆ ಜಾಗವಿಲ್ಲ.

ಗಾನವಿಗೆ ಜನವರಿಯಲ್ಲಿ ಹೆಣ್ಣುಮಗು ಆಯಿತು. ನಮ್ಮ ಕನ್ನಡದವರ ಸಂಕ್ರಾಂತಿಯ ಕೂಟದಲ್ಲಿ ಕೇಶವಮೂರ್ತಿ ಅಂಕಲ್ ನನ್ನನ್ನು ಬದಿಗೆ ಕರೆದು, ‘ಮನೆ ವಿಷಯ ಮನೆಯಲ್ಲೇ ಇರಲಮ್ಮ, ಶ್ರೀನಿವಾಸ್ ಹೇಗೂ ಹೊರಗಿನವರು’ ಎಂದರು. ಮಗು ನೋಡಲು ನಮ್ಮವರು ಒಬ್ಬರೂ ಹೋಗಿಲ್ಲ. ಕಳ್ಳನ ಮನೆ ಎಂದು ಮಾತಾಡಿಕೊಳ್ಳುತ್ತಾರಂತೆ. ನಿಮಗಾಗಿ ಮಾತ್ರ ಬುತ್ತಿ ಕಟ್ಟಿಕೊಂಡು ಹೋಗಿ ಅವ್ವನ ಬಾಗಿಲಲ್ಲಿ ನಿಲ್ಲುತ್ತಾರೆ.

ನಾನು ಸಾಕ್ಷಿ ಹೇಳುತ್ತೇನೆ. ನಿಮ್ಮ ವಕೀಲರಿಗಲ್ಲ, ಶ್ರೀನಿವಾಸರ ವಕೀಲರಿಗೆ. ಆಗಲೇ ಹೋಗಿ ಎಲ್ಲ ಹೇಳಿ ಬಂದಿದ್ದೇನೆ. ಅವ್ವನಿಗೂ ಹೇಳಿದೆ. ‘ನಿಮ್ಮಪ್ಪನ್ನ ನೀನss ಒಳಗ ಹಾಕಿಸ್ತಿಯೇನ? ನಿನ್ನ ಕೈ ಮುಗೀತೀನಿ, ಬ್ಯಾಡ’ ಎಂದು ನಿಜವಾಗಿಯೂ ಕೈ ಮುಗಿದಳು. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ಅದನ್ನೂ ನಿಮ್ಮ ಲೆಕ್ಕಕ್ಕೇ ಬರೆಯುತ್ತೇನೆ.

ವಚನಾ


ರಿಮಾಂಡ್ ಜೈಲು, ಆಕ್ಲೆಂಡ್
೧೬ ಏಪ್ರಿಲ್ ೨೦೦೭

ವಚನಾ ಎಂಬವರಿಗೆ,

ನನಗೆ ಮಗಳು ಇದ್ದಳು. ಅವಳು ಪೊರಿರುವಾದಲ್ಲಿ ಕೆಟ್ಟುಹೋದಳು. ನೀನು ನನ್ನ ಹೆಸರು ಹಚ್ಚಿಕೊಂಡು ಕೋರ್ಟಿಗೆ ಬರಬೇಡ. ಬಂದರೆ ನಿನ್ನ ಕಡೆ ನಾನು ತಿರುಗಿಯೂ ನೋಡುವುದಿಲ್ಲ. ನಿನ್ನ ಅವ್ವ ನನ್ನ ಪಕ್ಷ. ಕಡೆಯವರೆಗೂ ನನ್ನ ಪಕ್ಷ. ಅದನ್ನು ನೀನು ಮುರಿಯಲಾರೆ.

ಇನ್ನು ಮುಂದೆ ಕಾಗದ ಬೇಡ.

ಮುರುಗೇಶ


ಪಾಪಟೋಟೊಯಿ
೨೮ ನವೆಂಬರ್ ೨೦೦೭

ಮುರುಗೇಶನಿಗೆ,

ಮದುವೆಯಾದಂದಿನಿಂದ ನಿನ್ನನ್ನು ‘ನೀವು’ ಎಂದೆ. ಹೆಸರು ಹಿಡಿದು ಕರೆದವಳಲ್ಲ. ಇವತ್ತು ಬರೆಯಲು ಕೂತರೆ ಆ ‘ನೀವು’ ಕೈಗೆ ಬರುತ್ತಿಲ್ಲ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು, ಬರೆಯುವುದು ನನಗೆ ಹೊಸದಲ್ಲ. ನಿನಗೆ ಬರೆಯುವುದು ಹೊಸದು.

ಕೋರ್ಟಿನಲ್ಲಿ ನಿನ್ನ ಹಿಂದಿನ ಸಾಲಿನಲ್ಲೇ ಕೂತೆ. ಮಗಳು ಹೊರಗೆ ಸಾಕ್ಷಿಗಳ ಬೆಂಚಿನ ಮೇಲೆ ಇದ್ದಳು. ಅವಳನ್ನು ದಾಟಿ ಒಳಗೆ ಬರುವಾಗ ನಾನು ಅವಳ ಮುಖ ನೋಡಲಿಲ್ಲ. ನನ್ನ ಗಂಡ ನಿರಪರಾಧಿ ಎಂದು ನಂಬಿ ಬಂದಿದ್ದೆ ಎನ್ನಲಾರೆ. ನನ್ನ ಗಂಡ ಎಂದು ಬಂದಿದ್ದೆ.

ನೀನು ಕಟಕಟೆ ಹತ್ತಿದೆ. ಪೆಟ್ಟಿಗೆ ತಂದದ್ದು ಶ್ರೀನಿವಾಸ, ನನಗೇನೂ ಗೊತ್ತಿಲ್ಲ ಎಂದೆ. ಸರ್ಕಾರದ ವಕೀಲೆ ಬಿಡಲಿಲ್ಲ. ಶ್ರೀನಿವಾಸ ಈ ದೇಶಕ್ಕೆ ಬರುವ ಮೊದಲೂ ಅದೇ ಜಾಗದಿಂದ ಅದೇ ಅವಲಕ್ಕಿ ಬರುತ್ತಿತ್ತಲ್ಲ, ಆಗ ತರಿಸುತ್ತಿದ್ದವರು ಯಾರು ಎಂದು ಕೇಳಿದಳು. ನೀನು ನೀರು ಕುಡಿದೆ. ಆಮೇಲೆ ಹೇಳಿದೆ: ‘ಅಂಗಡಿಯ ಆರ್ಡರುಗಳನ್ನೆಲ್ಲ ನನ್ನ ಹೆಂಡತಿಯೇ ನೋಡಿಕೊಳ್ಳುತ್ತಿದ್ದಳು.’

ಇಂಗ್ಲಿಷ್ ನನಗೆ ಅಷ್ಟು ಬಾರದು ಎಂದು ನೀನು ಎಲ್ಲರ ಮುಂದೆ ನಗುತ್ತಿದ್ದೆ. ಅಷ್ಟು ಬರುತ್ತದೆ.

ಹನ್ನೆರಡು ಜನ ಜ್ಯೂರಿಯವರು ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ನೀನು ನೋಡಲಿಲ್ಲ. ಆ ಕ್ಷಣದಲ್ಲಿ ನನಗೆ ಶ್ರೀನಿವಾಸನ ಮುಖ ಕಣ್ಣಿಗೆ ಬಿತ್ತು. ಅವನು ನನ್ನನ್ನು ಕಂಡು ಬೆಚ್ಚಿದ. ಅವನಿಗೆ ಅರ್ಥವಾಗಿತ್ತು. ಇನ್ನೊಬ್ಬರನ್ನು ಮುಂದೆ ತಳ್ಳುವಾಗ ನೀನು ಹೇಗೆ ಕಾಣುತ್ತೀಯ ಎಂಬುದನ್ನು ಆ ಕೋರ್ಟಿನಲ್ಲಿ ಬಲ್ಲವನು ಅವನೊಬ್ಬನೇ. ಈಗ ನಾನೂ ಬಲ್ಲೆ.

ನಾನು ಎದ್ದು ಹೊರಗೆ ಹೋದೆ. ಮಗಳ ಪಕ್ಕದಲ್ಲಿ ಕೂತೆ. ‘ಏನಾತವ್ವಾ?’ ಎಂದಳು. ಒಳಗಿನ ಮಾತನ್ನು ಸಾಕ್ಷಿಗೆ ಹೇಳಬಾರದಂತೆ, ಬಾಗಿಲ ಬಳಿಯವನು ಎಚ್ಚರಿಸಿದ. ನಾನು ಒಳಗಿನದ್ದೇನೂ ಹೇಳಲಿಲ್ಲ. ‘ನೀ ನೋಡಿದ್ದು ನೋಡಿದಂಗss ಹೇಳು’ ಎಂದೆ. ಅವಳ ಹೆಸರು ಕೂಗುವವರೆಗೂ ಅವಳ ಕೈ ಹಿಡಿದುಕೊಂಡೆ. ಅವಳು ಒಳಗೆ ಹೋಗಿ ಫೋನಿನ ಮಾತು, ಕೀಲಿಕೈಯ ಮಾತು, ಎಲ್ಲ ಹೇಳಿದಳು. ನಿನ್ನ ವಕೀಲ ಅವಳನ್ನು ಸುಳ್ಳುಗಾತಿ ಎಂದ. ‘ನನ್ನ ತಂದೆಯನ್ನು ಉಳಿಸಲು ಸುಳ್ಳು ಹೇಳಬಹುದಿತ್ತು. ಮುಳುಗಿಸಲು ಯಾಕೆ ಹೇಳಲಿ?’ ಎಂದಳಂತೆ. ನೀನು ಗೋಡೆ ನೋಡುತ್ತಿದ್ದೆಯಂತೆ.

ಶ್ರೀನಿವಾಸನನ್ನು ಬಿಟ್ಟರು. ನಿನಗೆ ಐದು ವರ್ಷ ಎಂದರು. ನಾನು ಅಳಲಿಲ್ಲ. ಅಳು ಬಂದದ್ದು ಮೊನ್ನೆ ಭಾನುವಾರ, ಬೇರೆ ಬಾಗಿಲಲ್ಲಿ.

ಅವರು ಈಗ ಏವನ್‌ಡೇಲಿನಲ್ಲಿ ಬಾಡಿಗೆಗಿದ್ದಾರೆ. ಸಂತೆಯಲ್ಲಿ ಮಗುವಿಗೆಂದು ಒಂದು ಕುಲಾವಿ ಕೊಂಡು ಮನೆ ಹುಡುಕಿಕೊಂಡು ಹೋದೆ. ಗಾನವಿ ಬಾಗಿಲು ತೆರೆದಳು. ಮಗು ಸೊಂಟದ ಮೇಲಿತ್ತು, ನನ್ನನ್ನು ನೋಡಿ ನಕ್ಕಿತು. ಅವಳು ನಗಲಿಲ್ಲ. ಕುಲಾವಿಯನ್ನು ತೆಗೆದುಕೊಳ್ಳಲೂ ಇಲ್ಲ.

‘ಆಂಟಿ, ಒಳಗೆ ಬರಬೇಡಿ’ ಎಂದಳು. ‘ನೀವು ಕೆಟ್ಟವರು ಅಂತಲ್ಲ. ವಚನಾ ನಮಗೋಸ್ಕರ ಏನು ಮಾಡಿದ್ಲು ಅನ್ನೋದು ಗೊತ್ತು, ಸಾಯೋವರೆಗೂ ಮರೆಯಲ್ಲ. ಆದ್ರೆ ನೀವು ಒಳಗೆ ಬಂದು ಕೂತು, ನಾನು ಕಾಫಿ ಕೊಟ್ಟು, ನೀವು ಅತ್ತು, ನಾನು ಪರವಾಗಿಲ್ಲ ಬಿಡಿ ಅಂದ್ಬಿಟ್ರೆ ಎಲ್ಲಾ ಮುಗಿದುಹೋಗತ್ತೆ. ಇವರು ಇನ್ನೂ ರಸ್ತೆಯಲ್ಲಿ ಕಾರು ನಿಂತ್ರೆ ನಡುಗ್ತಾರೆ. ನಂಗೆ ಮುಗಿಸಕ್ಕೆ ಇಷ್ಟ ಇಲ್ಲ ಆಂಟಿ. ನಂಗಿನ್ನೂ ಕೋಪ ಬೇಕು.’

ಬಾಗಿಲು ಮೆಲ್ಲಗೆ ಮುಚ್ಚಿದಳು. ಬಡಿಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳು ನನ್ನನ್ನು ಕಳಿಸಿದಳೆಂದು ಅಲ್ಲ. ಒಂದು ವರ್ಷ ಶನಿವಾರ ಶನಿವಾರ ನಿನ್ನೆದುರು ಕೂತು ‘ಊಟ ಆತೇನ್ರೀ’ ಎಂದು ಕೇಳಿದ್ದೆನಲ್ಲ, ಆ ಒಂದೊಂದು ಮಾತೂ ಅವಳು ಹೇಳಿದ ಕಾಫಿಯೇ ಆಗಿತ್ತು. ನಿನಗೆ ಎಲ್ಲ ಸುಲಭವಾಗಿ ಮುಗಿಯಲೆಂದು ನಾನೇ ಬುತ್ತಿ ಕಟ್ಟಿ ತರುತ್ತಿದ್ದೆ.

ವಚನಾ ಇಲ್ಲಿಗೆ ಬಂದಿದ್ದಾಳೆ. ಒಳಗೆ ಮಲಗಿದ್ದಾಳೆ. ನಾವು ಇನ್ನೂ ಹೆಚ್ಚು ಮಾತಾಡಿಲ್ಲ. ಅವಳಿಗೆ ನನ್ನ ಮೇಲೂ ಸಿಟ್ಟಿದೆ, ಇರಲಿ, ಅದು ಅವಳ ಹಕ್ಕು.

ನೀನು ಕಾಗದ ಬರೆಯುವುದಾದರೆ ಮೊದಲು ಶ್ರೀನಿವಾಸನಿಗೆ ಬರೆ. ಅದರಲ್ಲಿ ಚೀನಾ ಬೇಡ, ಕಲ್ಕತ್ತಾ ಬೇಡ. ನಿನಗೆ ಗೊತ್ತಿತ್ತು ಎಂಬ ಒಂದೇ ಮಾತು ಸಾಕು. ಅವರು ಓದುತ್ತಾರೋ ಹರಿದು ಹಾಕುತ್ತಾರೋ ಅವರಿಗೆ ಬಿಟ್ಟದ್ದು. ಬರೆದೆ ಎಂದು ನನಗೆ ಹೇಳಿಕಳಿಸಬೇಡ.

ಈ ಶನಿವಾರ ನಾನು ಬರುವುದಿಲ್ಲ. ಮುಂದಿನ ಶನಿವಾರವೂ ಬರುವುದಿಲ್ಲ. ನನಗೂ ಈಗಷ್ಟೇ ಸಿಟ್ಟು ಬಂದಿದೆ.

ರತ್ನಪ್ರಭಾ